ಬೀದಿಯ ನುಡಿಯೂ ಪಂಡಿತರ ಭೀತಿಯೂ
(ಬ್ಯೂನಸ್ ಐರಿಸ್ ನಗರದ ‘ಲುನ್ಫಾರ್ದೊ’ ಕುರಿತು ಒಂದು ವಿಮರ್ಶೆ)

ಶಿಷ್ಟರ ನುಡಿ, ಗ್ರಾಮ್ಯರ ನುಡಿ ಎಂಬ ವಿಭಾಗವು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಕಾಣಬರತಕ್ಕದ್ದು. ಆದರೆ ಇವೆರಡರ ನಡುವೆ ಗಡಿಕಲ್ಲನ್ನು ನೆಡುವವರು ಯಾರು, ನೆಟ್ಟ ಕಲ್ಲನ್ನು ಕಿತ್ತು ಆಚೆಗೆ ಸರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ವಿದ್ವಾಂಸರಲ್ಲಿ ಒಮ್ಮತವು ಎಂದೂ ಉಂಟಾಗಿಲ್ಲ. ಈ ಪ್ರಶ್ನೆಯನ್ನು ಸ್ವಭಾಷೆಯ ವಿಷಯದಲ್ಲಿ ಕೈಗೊಂಡರೆ ಅಭಿಮಾನವು ವಿವೇಕಕ್ಕೆ ಅಡ್ಡಬರುವುದು ಸಹಜ. ದೂರದ ಭಾಷೆಯೊಂದರಲ್ಲಿ ನಡೆದ ವಾದವನ್ನು ಪರಿಶೀಲಿಸಿದರೆ ತತ್ತ್ವವು ನಿಚ್ಚಳವಾಗಿ ಕಾಣುತ್ತದೆ. ಆದಕಾರಣ ಪ್ರಕೃತ ಲೇಖನದಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದ ಬೀದಿಮಾತನ್ನೂ, ಅದರ ವಿಷಯವಾಗಿ ಅಲ್ಲಿಯ ಪಂಡಿತರು ನಡೆಸಿದ ವಿವಾದವನ್ನೂ ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ.

ಸ್ಪ್ಯಾನಿಷ್ ಭಾಷೆಯು ಇಂದು ಸುಮಾರು ಇಪ್ಪತ್ತು ದೇಶಗಳಲ್ಲಿ ರಾಜ್ಯಭಾಷೆಯಾಗಿ ನಡೆಯುತ್ತಿದೆ. ಆ ಭಾಷೆಯ ಶುದ್ಧಿಯನ್ನು ಕಾಯುವುದಕ್ಕೆಂದು ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ೧೭೧೩ರಲ್ಲಿಯೇ ಅಕಾಡೆಮಿಯೊಂದು ಸ್ಥಾಪಿತವಾಯಿತು. ಆದರೆ ಸಮುದ್ರದಾಚೆಯ ಜನರು ಪ್ರತಿಯೊಂದು ಮಾತಿಗೂ ಮ್ಯಾಡ್ರಿಡ್ಡಿನ ಅಪ್ಪಣೆ ಕೇಳುತ್ತ ಕುಳಿತಿರಲು ಸಾಧ್ಯವೇ? ಹೀಗಾಗಿ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯ ಆಡುನುಡಿ ಬೆಳೆಯಿತು. ‘ಗ್ವಾಗ್ವಾ’ ಎಂದರೆ ಚಿಲಿ, ಪೆರು ಮೊದಲಾದ ಆಂಡೀಸ್ ಪರ್ವತಪ್ರಾಂತ್ಯಗಳಲ್ಲಿ ಎಳೆಯ ಕೂಸು. ಅಲ್ಲಿಯ ಮೂಲನಿವಾಸಿಗಳ ಕೆಚುವಾ ಭಾಷೆಯಿಂದ ಬಂದ ಶಬ್ದವದು. ಅದೇ ಉಚ್ಚಾರಣೆಯ ಮಾತಿಗೆ ಕ್ಯೂಬಾ ದ್ವೀಪದಲ್ಲಿ ಮೋಟಾರು ಬಸ್ಸು ಎಂದರ್ಥ. ‘ತೋರ್ತಾ’ ಎಂದರೆ ಅರ್ಜೆಂಟೀನಾದಲ್ಲಿ ಸಿಹಿಯಾದ ಕೇಕು. ಮೆಕ್ಸಿಕೋದಲ್ಲಿ ಹೂರಣ ತುಂಬಿದ ರೊಟ್ಟಿ. ‘ಆವೊರಾ’ ಎಂದರೆ ‘ಈಗ’. ಅದರ ಅಲ್ಪಾರ್ಥಕವಾದ ‘ಆವೊರೀತಾ’ ಎಂಬ ಮಾತನ್ನು ಮೆಕ್ಸಿಕೋದವನು ಆಡಿದರೆ ಅದು ಈ ಕ್ಷಣವೂ ಆಗಬಹುದು, ಸಾಯಂಕಾಲವೂ ಆಗಬಹುದು. ಚಿಲಿಯವನು ತತ್ಕ್ಷಣವೆಂದು ಹೇಳಬೇಕಾದಾಗ ‘ಅಲ್ ತೀರೊ’ ಎನ್ನುತ್ತಾನೆ. ಪದಶಃ ನೋಡಿದರೆ ‘ಗುಂಡು ಹಾರಿದೊಡನೆಯೇ’ ಎಂದಾಗುತ್ತದೆ.

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದು ವಿಸ್ಮಯಕರವಾಗಲಾರದು. ‘ಶವತಿ’ ಎಂಬ ಧಾತುರೂಪವು ಕಾಂಬೋಜ ದೇಶದಲ್ಲಿ ‘ಹೋಗುತ್ತಾನೆ’ ಎಂಬರ್ಥದಲ್ಲಿ ಬಳಕೆಯಲ್ಲಿದ್ದರೆ, ಆರ್ಯರು ಅದರಿಂದ ಹುಟ್ಟಿದ ‘ಶವ’ ಎಂಬ ಶಬ್ದವನ್ನು ಮಾತ್ರ ಬಲ್ಲರೆಂದು ಭಗವಾನ್ ಪತಂಜಲಿಗಳು ಮಹಾಭಾಷ್ಯದ ಆರಂಭದಲ್ಲಿಯೇ ತಿಳಿಸಿದ್ದಾರೆ. ಒಂದು ಕಡೆ ನಡೆದಾಡುವ ಶಬ್ದವು ಇನ್ನೊಂದು ಕಡೆ ಹೆಣವಾಗಿ ಮಲಗಿರುತ್ತದೆ! ಶಬ್ದದ ಪ್ರಯೋಗಕ್ಷೇತ್ರವು ವಿಶಾಲವಾದುದು; ತನ್ನ ಊರಿನಲ್ಲಿ ಕೇಳಿಬಾರದ ಮಾತ್ರಕ್ಕೆ ಶಬ್ದವೊಂದು ಇಲ್ಲವೆಂದು ಸಾಧಿಸಹೊರಡುವುದು ಸಾಹಸವೆಂಬುದು ಆ ಆಚಾರ್ಯರ ಅಭಿಪ್ರಾಯ. ಈ ನೆಲೆಯಲ್ಲಿ ನಿಂತು ಬ್ಯೂನಸ್ ಐರಿಸ್ಸಿನ ಬೀದಿಗೆ ಇಳಿಯೋಣ.

ಲುನ್ಫಾರ್ದೊ ಎಂಬುದು ಸ್ವತಂತ್ರ ಭಾಷೆಯಲ್ಲ. ಅದಕ್ಕೆ ಬೇರೆ ವ್ಯಾಕರಣವಿಲ್ಲ. ವಾಕ್ಯದ ಕಟ್ಟು, ವಿಭಕ್ತಿ, ಕ್ರಿಯಾರೂಪ ಎಲ್ಲವೂ ಸ್ಪ್ಯಾನಿಷ್. ಆ ಕಟ್ಟಿನೊಳಗೆ ಶಿಷ್ಟ ಶಬ್ದಕ್ಕೆ ಬದಲಾಗಿ ಜನರು ಬೇಕೆಂದೇ ತಂದಿರಿಸುವ ಕೆಲವು ಸಾವಿರ ಶಬ್ದಗಳ ಸಮೂಹವೇ ಲುನ್ಫಾರ್ದೊ. ಇದರ ಹುಟ್ಟು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಆಗ ಇಟಲಿ, ಸ್ಪೇನ್ ಮೊದಲಾದ ದೇಶಗಳಿಂದ ಲಕ್ಷಾಂತರ ಬಡಜನರು ಹೊಟ್ಟೆಯ ಪಾಡಿಗಾಗಿ ಹಡಗು ಹತ್ತಿ ಆ ನಗರಕ್ಕೆ ಬಂದಿಳಿದರು. ೧೯೧೪ರ ಜನಗಣತಿಯ ಕಾಲಕ್ಕೆ ಹದಿನೈದು ಲಕ್ಷ ಮೀರಿದ ಆ ನಗರದ ಜನರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿ ಪರದೇಶದಲ್ಲಿ ಹುಟ್ಟಿದವರಾಗಿದ್ದರು. ‘ಕೊನ್ವೆಂತೀಜೊ’ ಎಂಬ ವಠಾರಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಎಲ್ಲರಿಗೂ ಒಂದೇ ಅಂಗಳ. ಆ ಅಂಗಳದಲ್ಲಿ ಜಿನೋವಾದವಳ ಮಾತು, ನೇಪಲ್ಸಿನವಳ ಮಾತು, ಗಲೀಷಿಯಾದವಳ ಮಾತು, ನಾಡಿನಲ್ಲೇ ಹುಟ್ಟಿದವಳ ಮಾತು ಒಂದಕ್ಕೊಂದು ತಾಗಿ ಬೆರೆತವು. ತಂದೆತಾಯಿಗಳು ಅರೆಬರೆಯಾಗಿ ಆಡಿದ್ದನ್ನು ಮಕ್ಕಳು ಬೀದಿಗೆ ಕೊಂಡೊಯ್ದು ಆಟದ ಮಾತಾಗಿ ಮಾಡಿಕೊಂಡರು.

ಈ ಮಾತನ್ನು ಮೊದಲು ಬರೆದಿಟ್ಟವರು ಯಾರೆಂಬುದು ಗಮನಾರ್ಹ. ೧೮೭೯ರಲ್ಲಿ ಪೊಲೀಸ್ ಇಲಾಖೆಯಲ್ಲಿ ಬರಹದ ಕೆಲಸದಲ್ಲಿದ್ದ ಬೆನಿಗ್ನೊ ಲುಗೋನೆಸ್ ಎಂಬವರು ‘ಲಾ ನಸಿಯೋನ್’ ಪತ್ರಿಕೆಯಲ್ಲಿ ನಗರದ ಕಳ್ಳರ ರೀತಿನೀತಿಗಳನ್ನೂ ಮಾತನ್ನೂ ವರ್ಣಿಸಿ ಲೇಖನಗಳನ್ನು ಪ್ರಕಟಿಸಿದರು. ೧೮೯೪ರಲ್ಲಿ ಅಂತೋನಿಯೊ ದೆಲ್ಲೆಪಿಯಾನೆ ಎಂಬ ನ್ಯಾಯಶಾಸ್ತ್ರಜ್ಞರು ಈ ಶಬ್ದಗಳ ಕೋಶವೊಂದನ್ನು ಹೊರತಂದರು. ಅದಕ್ಕೆ ಅವರು ಇಟ್ಟ ಹೆಸರು ‘ಅಪರಾಧದ ಭಾಷೆ’. ಲುನ್ಫಾರ್ದೊ ಎಂಬ ಹೆಸರಿಗೂ ಆಗ ‘ಕಳ್ಳ’ ಎಂಬುದೇ ಅರ್ಥ. ಇಟಲಿಯ ಲೊಂಬಾರ್ದಿ ಪ್ರಾಂತದವನೆಂಬ ‘ಲೊಂಬಾರ್ದೊ’ ಶಬ್ದದ ವಿಕೃತಿಯೇ ಅದೆಂದು ಕೋಶಕಾರರು ಸಾಧಾರಣವಾಗಿ ಒಪ್ಪುತ್ತಾರೆ. ಕೇಳಿದವರು ಪೊಲೀಸರು, ಬರೆದವರು ಅಪರಾಧಶಾಸ್ತ್ರಜ್ಞರು. ಆದ್ದರಿಂದ ವಠಾರದ ಅಗಸಗಿತ್ತಿಯೂ ಬಂದರಿನ ಕೂಲಿಯೂ ಆಡುತ್ತಿದ್ದ ಮಾತಿಗೆ ಸೆರೆಮನೆಯ ಮುದ್ರೆ ಬಿದ್ದಿತು. ಈ ಮುದ್ರೆಯನ್ನು ಅಳಿಸಲು ಮುಂದೆ ಸುಮಾರು ಎಪ್ಪತ್ತು ವರ್ಷಗಳು ಬೇಕಾದವು. ನಾಮಕರಣದಲ್ಲಿ ಆದ ಅನ್ಯಾಯವು ವಿಚಾರವನ್ನೂ ಎಷ್ಟರಮಟ್ಟಿಗೆ ಕೆಡಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇನ್ನು ಶಬ್ದಗಳನ್ನೇ ಕೆಲವನ್ನು ಪರೀಕ್ಷಿಸೋಣ. ಸ್ಪ್ಯಾನಿಷಿನಲ್ಲಿ ಕೆಲಸಕ್ಕೆ ‘ತ್ರಬಾಹೊ’ ಎಂಬ ಶಿಷ್ಟ ಶಬ್ದವಿದೆ. ಬ್ಯೂನಸ್ ಐರಿಸ್ಸಿನವನು ಮನೆಯಲ್ಲಿ, ಗೆಳೆಯರಲ್ಲಿ ‘ಲಾಬುರೊ’ ಎನ್ನುತ್ತಾನೆ. ಇಟಾಲಿಯನ್ನಿನ ‘ಲಾವೊರೊ’ ಇದರ ಮೂಲ. ಎರಡಕ್ಕೂ ಕೋಶದಲ್ಲಿ ಒಂದೇ ಅರ್ಥ. ಆದರೆ ಮೊದಲನೆಯದು ಅರ್ಜಿಯಲ್ಲಿ ಬರೆಯುವ ಕೆಲಸ. ಎರಡನೆಯದು ಬೆಳಗಾಗೆದ್ದು ಮೈಮುರಿದು ಹೊರಡಬೇಕಾದ ಕೆಲಸ. ಇದಕ್ಕೆ ಜೋಡಿಯಾಗಿ ‘ಫಿಯಾಕಾ’ ಎಂಬ ಇನ್ನೊಂದು ಮಾತಿದೆ. ಜಿನೋವಾದ ಆಡುನುಡಿಯಿಂದ ಬಂದ ಈ ಶಬ್ದವನ್ನು ಸೋಮಾರಿತನವೆಂದು ಭಾಷಾಂತರಿಸಿದರೆ ಅರ್ಧ ಅರ್ಥವು ಸೋರಿಹೋಗುತ್ತದೆ. ಸೋಮಾರಿತನವು ಸ್ವಭಾವದೋಷ, ಫಿಯಾಕಾ ಎಂಬುದು ಬಂದು ಹೋಗುವ ಒಂದು ಅವಸ್ಥೆ. ಕೈಕಾಲು ಸುಸ್ಥಿತಿಯಲ್ಲಿದ್ದರೂ ಏಳಲು ಮನಸ್ಸು ಒಪ್ಪದಿರುವ ಆ ಆಲಸ್ಯಕ್ಕೆ ಶಿಷ್ಟ ಸ್ಪ್ಯಾನಿಷಿನಲ್ಲಿ ಸರಿಯಾದ ಹೆಸರಿರಲಿಲ್ಲ. ೧೯೬೭ರಲ್ಲಿ ರಿಕಾರ್ದೊ ತಾಲೆಸ್ನಿಕ್ ಎಂಬ ನಾಟಕಕಾರರು ಈ ಶಬ್ದವನ್ನೇ ಹೆಸರಾಗಿಟ್ಟು ನಾಟಕವೊಂದನ್ನು ರಚಿಸಿದರು. ಶಿಸ್ತಿನ ಗುಮಾಸ್ತನೊಬ್ಬನು ಒಂದು ಸೋಮವಾರ ಬೆಳಗ್ಗೆ, ರೋಗವಿಲ್ಲದೆ, ಕೋಪವಿಲ್ಲದೆ, ಕಚೇರಿಗೆ ಹೋಗಲೊಲ್ಲೆನೆಂದು ಮಲಗಿಬಿಡುವುದೇ ಅದರ ವಸ್ತು. ಒಂದು ನಾಟಕವನ್ನು ಹೊರಬಲ್ಲ ಶಬ್ದವನ್ನು ಕೊಳೆಯೆಂದು ಗುಡಿಸಿಹಾಕುವುದು ಹೇಗೆ?

ಹಣಕ್ಕೆ ‘ಗೀತಾ’, ಊಟಮಾಡುವುದಕ್ಕೆ ‘ಮೊರ್ಫಾರ್’, ಹುಡುಗನಿಗೆ ‘ಪೀಬೆ’, ದಡ್ಡನಿಗೆ ‘ಹೀಲ್’. ‘ಯೇತಾ’ ಎಂದರೆ ಅಪಶಕುನ. ನೇಪಲ್ಸಿನವರು ಕೆಟ್ಟ ದೃಷ್ಟಿಗೆ ಹೇಳುವ ‘ಯೆತ್ತಾತೂರಾ’ ಎಂಬುದರ ಮೊಟಕು ರೂಪ. ‘ಚಾಂತಾ’ ಎಂದರೆ ತಿಳಿಯದ್ದನ್ನು ತಿಳಿದಂತೆ ನಟಿಸಿ ಮಾತಿನಲ್ಲಿಯೇ ಮನೆ ಕಟ್ಟುವವನು. ಸಾಲ ಮಾಡಿ ತೀರಿಸದವನಿಗೆ ಜಿನೋವಾದವರು ಇಟ್ಟ ಹೆಸರಿನಿಂದ ಇದು ಬಂದಿದೆ. ‘ಚಾಮೂಯೊ’ ಎಂದರೆ ಮರುಳುಮಾತು. ಸ್ಪೇನಿನ ಜಿಪ್ಸಿಗಳ ‘ಕಾಲೊ’ ನುಡಿಯಲ್ಲಿ ಮಾತನಾಡುವುದೆಂದಷ್ಟೇ ಅರ್ಥವಿದ್ದ ಧಾತು ಇಲ್ಲಿ ಬಂದು ನಯವಂಚನೆಯಾಯಿತು. ‘ಪೂಚೊ’ ಎಂದರೆ ಸೇದಿ ಉಳಿದ ಸಿಗರೇಟಿನ ತುಂಡು. ಶೇಷವೆಂಬರ್ಥದ ಕೆಚುವಾ ಶಬ್ದವೇ ಇದು.

ಎರಡು ಶಬ್ದಗಳ ಚರಿತ್ರೆಯನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತ. ಮೊದಲನೆಯದು ‘ಬೊಂದಿ’. ಬ್ರೆಜಿಲ್ ದೇಶದಲ್ಲಿ ಟ್ರಾಮು ಗಾಡಿಗಳು ಓಡತೊಡಗಿದಾಗ ಅವುಗಳನ್ನು ನಡೆಸುತ್ತಿದ್ದ ಪರದೇಶದ ಕಂಪೆನಿಯ ಕಾಗದಪತ್ರಗಳಿಗೆ ಸಂಬಂಧಿಸಿದ ‘ಬಾಂಡ್’ ಎಂಬ ಇಂಗ್ಲಿಷ್ ಶಬ್ದವೇ ಜನರ ಬಾಯಲ್ಲಿ ‘ಬೊಂಜಿ’ ಎಂದಾಗಿ ಗಾಡಿಗೆ ಹೆಸರಾಯಿತು. ಅದು ಗಡಿ ದಾಟಿ ಬ್ಯೂನಸ್ ಐರಿಸ್ಸಿಗೆ ಬಂದು ‘ಬೊಂದಿ’ಯಾಯಿತು. ೧೯೬೦ರ ದಶಕದಲ್ಲಿ ಆ ನಗರದ ಟ್ರಾಮುಗಳು ನಿಂತುಹೋದರೂ ಶಬ್ದವು ನಿಲ್ಲದೆ ಬಸ್ಸನ್ನೇರಿ ಇಂದಿಗೂ ಸಂಚರಿಸುತ್ತಿದೆ. ಸಾಲಪತ್ರದಿಂದ ಬಸ್ಸಿನವರೆಗಿನ ಈ ಪಯಣದಲ್ಲಿ ಯಾವ ವೈಯಾಕರಣನ ಅಪ್ಪಣೆಯೂ ಬೇಕಾಗಲಿಲ್ಲ. ಪೋರ್ಚುಗೀಸರಿಂದ ಚಾವಿಯನ್ನೂ ಪಾದ್ರಿಯನ್ನೂ ನಮ್ಮ ಜನರು ಕನ್ನಡಕ್ಕೆ ಬರಮಾಡಿಕೊಂಡಾಗಲೂ ಹೀಗೆಯೇ ಆಗಿರಬೇಕಲ್ಲವೆ?

ಎರಡನೆಯದು ‘ಕಿಲೊಂಬೊ’. ಇದು ಆಫ್ರಿಕದ ಅಂಗೋಲಾ ಪ್ರಾಂತದ ಕಿಂಬುಂದು ಭಾಷೆಯ ಶಬ್ದ. ಗುಲಾಮರಾಗಿ ಬ್ರೆಜಿಲಿಗೆ ಸಾಗಿಸಲ್ಪಟ್ಟ ಆಫ್ರಿಕದವರು ಒಡೆಯರ ತೋಟಗಳಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಕಟ್ಟಿಕೊಂಡ ಪಾಳೆಯಗಳಿಗೆ ಈ ಹೆಸರಿತ್ತು. ಅವುಗಳಲ್ಲಿ ಪ್ರಸಿದ್ಧವಾದ ಪಾಲ್ಮಾರೆಸ್ ಹತ್ತಾರು ವರ್ಷಗಳ ಕಾಲ ಸೈನ್ಯಗಳನ್ನೆದುರಿಸಿ ನಿಂತು ೧೬೯೪ರಲ್ಲಿ ನಾಶವಾಯಿತು. ಅಂಥ ಶಬ್ದವು ದಕ್ಷಿಣಕ್ಕೆ ಬಂದು ಬ್ಯೂನಸ್ ಐರಿಸ್ಸಿನಲ್ಲಿ ವೇಶ್ಯಾಗೃಹವೆಂಬರ್ಥವನ್ನು ತಾಳಿತು. ಆಮೇಲೆ ಗದ್ದಲ, ಗೊಂದಲ ಎಂಬ ಅರ್ಥಕ್ಕೆ ತಿರುಗಿ ಈಗ ಮನೆಮಾತಾಗಿದೆ. ಸ್ವಾತಂತ್ರ್ಯಕ್ಕಾಗಿ ಓಡಿಹೋದವರ ಊರು ಒಡೆಯರ ಕಿವಿಗೆ ದೊಂಬಿಯಾಗಿ ಕೇಳಿಸಿದುದರಲ್ಲಿ ಆಶ್ಚರ್ಯವಿಲ್ಲ. ಬೀದಿಮಾತು ಜನರ ಜಾಣ್ಮೆಯನ್ನು ಹೇಗೋ ಹಾಗೆಯೇ ಜನರ ಕ್ರೌರ್ಯವನ್ನೂ ತನ್ನೊಳಗೆ ಅಡಗಿಸಿಕೊಂಡಿರುತ್ತದೆ. ಅದನ್ನು ಪ್ರೀತಿಸುವವರು ಈ ಸಂಗತಿಯನ್ನು ಮರೆಯತಕ್ಕದ್ದಲ್ಲ.

ಶಬ್ದಗಳ ಮೂಲವನ್ನು ಕುರಿತು ಜನರು ಕಟ್ಟಿದ ಕಥೆಗಳೂ ಉಂಟು. ‘ಅತೊರಾಂತೆ’ ಎಂದರೆ ಅಲೆಮಾರಿ. ನೆಲದಡಿ ಹೂಳಲೆಂದು ತಂದಿರಿಸಿದ್ದ ದೊಡ್ಡ ಕೊಳವೆಗಳಲ್ಲಿ ಮನೆಯಿಲ್ಲದವರು ಮಲಗುತ್ತಿದ್ದರೆಂದೂ, ಕೊಳವೆಗಳ ಮೇಲೆ ‘ಆ. ತೊರಾಂತ್’ ಎಂಬ ತಯಾರಕನ ಹೆಸರಿತ್ತೆಂದೂ, ಅದರಿಂದ ಈ ಶಬ್ದ ಹುಟ್ಟಿತೆಂದೂ ಹೇಳುವರು. ಕಥೆ ಸೊಗಸಾಗಿದೆ, ಆದರೆ ಕೋಶಕಾರರು ಅದನ್ನು ಅಂಗೀಕರಿಸುವುದಿಲ್ಲ. ನಿದ್ರಿಸುವುದೆಂಬರ್ಥದ ‘ಅತೊರಾರ್’ ಎಂಬ ಕ್ರಿಯಾಪದದಿಂದ ಶಬ್ದವು ಸರಳವಾಗಿ ಸಿದ್ಧವಾಗುತ್ತದೆ. ನಿರ್ವಚನದಲ್ಲಿ ಸೊಗಸೇ ಪ್ರಮಾಣವಾದರೆ ಶಾಸ್ತ್ರಕ್ಕೆ ಕೆಲಸವೇ ಉಳಿಯದು.

ಈ ಬೀದಿಮಾತಿನಲ್ಲಿ ‘ವೆಸ್ರೆ’ ಎಂಬ ಇನ್ನೊಂದು ಚಮತ್ಕಾರವಿದೆ. ‘ರೆವೆಸ್’ ಎಂದರೆ ತಿರುವುಮುರುವು. ಆ ಶಬ್ದವನ್ನೇ ತಿರುವಿದರೆ ‘ವೆಸ್ರೆ’. ಶಬ್ದದ ಅಕ್ಷರಗಳನ್ನು ಹಿಂದುಮುಂದಾಗಿಸುವುದೇ ಇದರ ಸೂತ್ರ. ‘ತಾಂಗೊ’ ಎಂಬುದು ‘ಗೊತಾನ್’, ‘ಕಾಫೆ’ ಎಂಬುದು ‘ಫೇಕಾ’, ಗೆಳೆಯನೆಂಬ ‘ಅಮೀಗೊ’ ಎಂಬುದು ‘ಗೊಮೀಯಾ’. ಹಣ ಕೊಡುವುದೆಂಬ ‘ಪಗಾರ್’ ಎಂಬುದು ‘ಗಾರ್ಪಾರ್’ ಆಗಿ, ಕ್ರಿಯಾಪದದ ಕೊನೆಯ ರೇಫವನ್ನು ಮರಳಿ ಪಡೆದು, ವ್ಯಾಕರಣಕ್ಕೆ ಚ್ಯುತಿ ಬಾರದಂತೆ ನಡೆಯುತ್ತದೆ. ‘ದೊಕ್ತೊರ್’ ಎಂಬುದು ‘ತೊರ್ದೊ’ ಆಗುತ್ತದೆ. ಶಿಷ್ಟ ಭಾಷೆಯಲ್ಲಿ ‘ತೊರ್ದೊ’ ಒಂದು ಹಕ್ಕಿಯ ಹೆಸರು. ಹೀಗೆ ವೈದ್ಯರೂ ವಕೀಲರೂ ಒಂದೇ ಏಟಿಗೆ ಹಕ್ಕಿಗಳಾಗುತ್ತಾರೆ. ಇದನ್ನು ಪುಂಡಾಟವೆಂದು ಹೀಗಳೆಯುವ ಮುನ್ನ, ಹಿಂಸಾರ್ಥಕ ಧಾತುವಿನಿಂದ ವರ್ಣಗಳು ಸ್ಥಾನಪಲ್ಲಟ ಹೊಂದಿ ‘ಸಿಂಹ’ ಶಬ್ದವು ಸಿದ್ಧವಾಯಿತೆಂದು ನಮ್ಮ ಭಾಷ್ಯಕಾರರೇ ಹೇಳಿದ್ದಾರೆಂಬುದನ್ನು ನೆನೆಯಬೇಕು. ವರ್ಣವ್ಯತ್ಯಯವು ಅಲ್ಲಿ ಶಾಸ್ತ್ರ, ಇಲ್ಲಿ ಲೀಲೆ. ನಾಲಗೆಯ ಶಕ್ತಿ ಮಾತ್ರ ಒಂದೇ.

ಈಗ ವಿವಾದಕ್ಕೆ ಬರೋಣ. ಇದರಲ್ಲಿ ಮುಖ್ಯರಾದವರು ಮೂವರು. ಮೊದಲನೆಯವರು ಸುಪ್ರಸಿದ್ಧ ಕವಿ, ಕಥೆಗಾರ ಹೊರ್ಹೆ ಲೂಯಿಸ್ ಬೊರ್ಹೆಸ್. ೧೯೨೮ರಲ್ಲಿ ಅವರು ‘ಅರ್ಜೆಂಟೀನಾದವರ ಭಾಷೆ’ ಎಂಬ ಪ್ರಬಂಧಗ್ರಂಥವನ್ನು ಪ್ರಕಟಿಸಿ, ನಾಡಿನ ನುಡಿಗೆ ಎರಡು ಕಡೆಯಿಂದ ಅಪಾಯವಿದೆಯೆಂದು ಸಾರಿದರು. ಪ್ರಹಸನಗಳಲ್ಲಿ ಕೇಳಿಬರುವ ಕೊಳೆಗೇರಿಯ ಕೃತಕ ಮಾತೇ ನಾಳಿನ ಭಾಷೆಯೆಂದು ನಂಬುವವರು ಒಂದು ಕಡೆ. ಸ್ಪೇನಿನ ಕೋಶವೇ ಪರಿಪೂರ್ಣ, ಅದಕ್ಕೆ ಕೂಡಿಸತಕ್ಕದ್ದೇನೂ ಇಲ್ಲವೆನ್ನುವವರು ಇನ್ನೊಂದು ಕಡೆ. ಲುನ್ಫಾರ್ದೊ ಕಳ್ಳರ ಕಸುಬಿನ ಪರಿಭಾಷೆ. ಅದರಲ್ಲಿ ಆತ್ಮದ ಮಾತನ್ನು ಆಡಲು ಬಾರದು ಎಂಬುದು ಅವರ ಮತ.

ಎರಡನೆಯವರು ಕಾದಂಬರಿಕಾರ ರೊಬೆರ್ತೊ ಆರ್ಲ್ತ್. ವಲಸೆಗಾರರ ಮಗ, ಶಾಲೆಯಲ್ಲಿ ಹೆಚ್ಚು ಕಾಲ ನಿಲ್ಲದವರು, ೧೯೨೮ರಿಂದ ‘ಎಲ್ ಮುಂದೊ’ ಪತ್ರಿಕೆಗೆ ಲಘುಲೇಖನಗಳನ್ನು ಬರೆದು ಜನಪ್ರಿಯರಾದವರು. ಪಂಡಿತರು ಗ್ರೀಕ್ ಲ್ಯಾಟಿನ್ ಶಬ್ದಗಳ ಮೂಲ ಹುಡುಕುವ ಗಾಂಭೀರ್ಯದಿಂದಲೇ ಅವರು ‘ಫಿಯಾಕಾ’ ಶಬ್ದಕ್ಕೆ ವ್ಯಾಖ್ಯಾನ ಬರೆದು ನಗಿಸಿದರು. ೧೯೩೦ರಲ್ಲಿ ವೈಯಾಕರಣರೊಬ್ಬರು ಬೀದಿಮಾತನ್ನು ನಿಂದಿಸಿದಾಗ ಆರ್ಲ್ತರು ಮುಷ್ಟಿಯುದ್ಧದ ದೃಷ್ಟಾಂತವನ್ನು ಕೊಟ್ಟು ಉತ್ತರಿಸಿದರು: ಶಾಸ್ತ್ರವನ್ನಷ್ಟೇ ಕಲಿತ ಮಲ್ಲನನ್ನು, ಎಲ್ಲ ಕಡೆಯಿಂದಲೂ ಗುದ್ದಬಲ್ಲವನು ಕೆಡವುತ್ತಾನೆ, ಹೊಸ ಭಾವನೆಗಳಿಲ್ಲದ ಜನಾಂಗಕ್ಕೆ ಹೊಸ ಶಬ್ದಗಳೂ ಬೇಕಾಗುವುದಿಲ್ಲ ಎಂಬುದು ಅದರ ತಾತ್ಪರ್ಯ.

ಮೂರನೆಯವರು ಸ್ಪೇನಿನ ಮಹಾವಿದ್ವಾಂಸ ಅಮೆರಿಕೊ ಕಾಸ್ತ್ರೊ. ೧೯೨೩ರಲ್ಲಿ ಬ್ಯೂನಸ್ ಐರಿಸ್ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರಮಂದಿರವು ಆರಂಭವಾದಾಗ ಅದರ ಮೊದಲ ನಿರ್ದೇಶಕರಾಗಿ ಬಂದವರು ಅವರೇ. ೧೯೪೧ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಆ ನಗರದ ಮಾತಿನಲ್ಲಿ ಅರಾಜಕತೆಯನ್ನು ಕಂಡರು. ಕೆಳಗಿನವರ ಮಾತು ಮೇಲಿನವರ ಮನೆಗಳಿಗೂ ಏರಿದುದನ್ನು ಸಮಾಜದ ಅಸ್ವಾಸ್ಥ್ಯದ ಲಕ್ಷಣವೆಂದರು. ಅದೇ ವರ್ಷ ಬೊರ್ಹೆಸರು ‘ಸುರ್’ ಪತ್ರಿಕೆಯಲ್ಲಿ ಆ ಗ್ರಂಥವನ್ನು ಕಟುವಾಗಿ ವಿಮರ್ಶಿಸಿದರು. ಹಾಸ್ಯಗಾರರು ನಗಿಸಲೆಂದು ಬರೆದ ಅಣಕಗಳನ್ನು ಕಾಸ್ತ್ರೊ ಜನರ ನಿಜವಾದ ಮಾತೆಂದು ಭ್ರಮಿಸಿದರೆಂಬುದೇ ಅವರ ಮುಖ್ಯ ಆಕ್ಷೇಪ. ಕಳ್ಳನುಡಿ ಸ್ಪೇನಿನಲ್ಲಿ ಕಡಮೆಯೇನಿಲ್ಲವೆಂದೂ, ತಮ್ಮ ನಾಡನ್ನು ಕಾಡುತ್ತಿರುವುದು ಉಪಭಾಷೆಗಳಲ್ಲ, ಉಪಭಾಷೆಗಳನ್ನು ಶೋಧಿಸುವ ಸಂಸ್ಥೆಗಳೆಂದೂ ಅವರು ಕೊಂಕು ನುಡಿದರು.

ಈ ಮೂವರಲ್ಲಿ ಯಾರ ಪಕ್ಷವು ಗ್ರಾಹ್ಯ? ಕಾಸ್ತ್ರೊ ಅವರ ಪಾಂಡಿತ್ಯವು ನಿಸ್ಸಂದೇಹವಾದುದು. ಆದರೆ ಅವರು ಮಾತಿನ ದೋಷದಿಂದ ಸಮಾಜದ ರೋಗವನ್ನು ಊಹಿಸಿದರು. ಹೇತುವೇ ಅಸಿದ್ಧವಾದ ಮೇಲೆ ಅನುಮಾನವು ನಿಲ್ಲುವುದು ಹೇಗೆ? ಲಕ್ಷಾಂತರ ಪರದೇಶಿಗಳು ಬಂದಿಳಿದ ನಗರವು ಒಂದೆರಡು ತಲೆಮಾರುಗಳಲ್ಲಿ ಅವರೆಲ್ಲರ ಮಕ್ಕಳನ್ನೂ ಸ್ಪ್ಯಾನಿಷ್ ಆಡುವವರನ್ನಾಗಿ ಮಾಡಿತು. ಅದಕ್ಕೆ ಪ್ರತಿಯಾಗಿ ಆ ಜನರು ಕೊಟ್ಟ ಕಾಣಿಕೆ ಕೆಲವು ಶಬ್ದಗಳು. ವ್ಯಾಕರಣವನ್ನು ಸಂಪೂರ್ಣವಾಗಿ ಸ್ವೀಕರಿಸಿ ಶಬ್ದಗಳನ್ನು ಮಾತ್ರ ಕಾಣಿಕೆಯಾಗಿತ್ತವರನ್ನು ಭಾಷಾದ್ರೋಹಿಗಳೆನ್ನುವುದು ನ್ಯಾಯವಲ್ಲ.

ಬೊರ್ಹೆಸರ ವಿಮರ್ಶೆ ಅರ್ಧ ಸತ್ಯ. ಸಾಹಿತ್ಯದಲ್ಲಿ ಕಾಣುವ ಬೀದಿಮಾತಿನಲ್ಲಿ ಬಹುಪಾಲು ಬರೆಹಗಾರರ ಕೈಚಳಕವೆಂಬುದನ್ನು ಅವರು ಸರಿಯಾಗಿ ಗುರುತಿಸಿದರು. ಅಂಗಡಿಯಲ್ಲಿ ವೇಷ ಕೊಂಡು ತೊಟ್ಟವನು ಊರಿನವನಾಗುವುದಿಲ್ಲ. ಆದರೆ ಲುನ್ಫಾರ್ದೊ ಕಳ್ಳರ ಸೊತ್ತು ಮಾತ್ರವೆಂಬ ಅವರ ನಿರ್ಣಯವು ದೆಲ್ಲೆಪಿಯಾನೆಯವರ ಕೋಶದ ಹೆಸರನ್ನು ನಂಬಿದ ಫಲ. ಕೂಸನ್ನು ಕರೆಯುವ ಪೀಬೆ, ದುಡಿಮೆಯ ಲಾಬುರೊ, ಕಾಫಿಯ ಫೇಕಾ, ಇವುಗಳಲ್ಲಿ ಕಳವು ಎಲ್ಲಿದೆ? ೧೯೩೫ರಲ್ಲಿ ಅವರೇ ಕೊಳೆಗೇರಿಯ ಚೂರಿಕಾಳಗದ ಕಥೆಯೊಂದನ್ನು ಅಲ್ಲಿಯವನ ಬಾಯಿಂದಲೇ ಹೇಳಿಸಿ ಕೀರ್ತಿ ಪಡೆದರೆಂಬುದೂ ಸ್ಮರಣೀಯ.

ಆರ್ಲ್ತರ ತತ್ತ್ವವು ಸಾಧುವಾದುದು. ಉತ್ಸಾಹವು ಮಾತ್ರ ಮಿತಿಮೀರಿದುದು. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುವಂತೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗಿ ಮಾಡಿಸಿಕೊಂಡು ಬರುವುದಿಲ್ಲವೆಂದು ಪತಂಜಲಿಗಳೇ ಅಪ್ಪಣೆ ಕೊಡಿಸಿದ್ದಾರೆ. ಆದರೆ ಆ ಮಾತನ್ನು ಹೇಳಿದವರು ವ್ಯಾಕರಣವನ್ನು ಸುಟ್ಟುಬಿಡಿರೆನ್ನಲಿಲ್ಲ. ಬಹುಕಾಲ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ಈ ಲೇಖಕನ ಅನುಭವವೂ ಇಷ್ಟೇ: ಬೀದಿಯ ಮಾತು ಮಗುವಿಗೆ ಕಲಿಸದೆಯೇ ಬರುತ್ತದೆ, ಶಿಷ್ಟ ಭಾಷೆ ಕಲಿಸಿದರೆ ಮಾತ್ರ ಬರುತ್ತದೆ. ಬಡವನ ಮಗನಿಗೆ ಅವನ ಮಾತು ಕೊಳಕೆಂದು ಹೇಳುವುದು ಕ್ರೌರ್ಯ. ನಿನ್ನ ಮಾತೇ ನಿನಗೆ ಸಾಕೆಂದು ಹೇಳಿ ಶಿಷ್ಟ ಭಾಷೆಯ ಬಾಗಿಲನ್ನು ಮುಚ್ಚುವುದೂ ಅಷ್ಟೇ ಕ್ರೌರ್ಯ. ಆರ್ಲ್ತರು ತಮ್ಮ ಕಾದಂಬರಿಗಳಲ್ಲಿ ಎರಡನ್ನೂ ಬಳಸಿದುದರಿಂದಲೇ ದೊಡ್ಡ ಲೇಖಕರಾದರು.

ಈ ವಾದವು ಪಂಡಿತರ ಗೋಷ್ಠಿಗೆ ಸೀಮಿತವಾಗಿದ್ದರೆ ಹೆಚ್ಚು ಹಾನಿಯಿರಲಿಲ್ಲ. ೧೯೧೭ರಲ್ಲಿ ಪಾಸ್ಕುವಾಲ್ ಕೊಂತುರ್ಸಿ ರಚಿಸಿದ ‘ಮಿ ನೊಚೆ ತ್ರಿಸ್ತೆ’ ಎಂಬ ಗೀತವನ್ನು ಕಾರ್ಲೊಸ್ ಗಾರ್ದೆಲ್ ಹಾಡಿದಂದಿನಿಂದ ಲುನ್ಫಾರ್ದೊ ಟ್ಯಾಂಗೋ ಹಾಡುಗಳ ಮೂಲಕ ಮನೆಮನೆಯನ್ನು ಹೊಕ್ಕಿತ್ತು. ೧೯೪೩ರ ಜೂನಿನಲ್ಲಿ ಸೈನ್ಯಾಧಿಕಾರಿಗಳು ರಾಜ್ಯವನ್ನು ಕೈಗೆ ತೆಗೆದುಕೊಂಡ ಮೇಲೆ ರೇಡಿಯೋದಲ್ಲಿ ಬೀದಿಮಾತಿನ ಹಾಡುಗಳಿಗೆ ಪ್ರತಿಬಂಧವು ಬಿಗಿಯಾಯಿತು. ಭಾಷಾಶುದ್ಧಿಯ ಹೆಸರಿನಲ್ಲಿ ಹಾಡುಗಳ ಮಾತುಗಳನ್ನು ತಿದ್ದಿಸಿದರು, ಹೆಸರುಗಳನ್ನೂ ಬದಲಿಸಿದರು. ಆಯಾಕೂಚೊ ಬೀದಿಯ ಕೋಣೆಯೊಂದನ್ನು ಕುರಿತ ಹಾಡಿನಲ್ಲಿ ಕೋಣೆಗೆ ‘ಬುಲೀನ್’ ಎಂಬ ಬೀದಿಮಾತಿತ್ತು. ಆ ಹಾಡು ‘ನನ್ನ ಪುಟ್ಟ ಕೋಣೆ’ ಎಂದಾಯಿತು. ಷೋಕಿಲಾಲನೆಂಬರ್ಥದ ‘ಶುಶೇತಾ’ ಎಂಬ ಹಾಡು ‘ಶ್ರೀಮಂತ’ ಎಂದಾಯಿತು. ಗೆಳೆಯರು ಕೂಡಿ ಹರಟುತ್ತಿದ್ದ ಹೊಗೆ ತುಂಬಿದ ಕೋಣೆಗೂ ಸುಣ್ಣ ಬಳಿದ ಪುಟ್ಟ ಕೋಣೆಗೂ ಇರುವ ಅಂತರವನ್ನು ಸಹೃದಯರು ಬಲ್ಲರು. ಪರ್ಯಾಯ ಶಬ್ದವು ಅರ್ಥವನ್ನು ತಂದೀತು, ಧ್ವನಿಯನ್ನು ತರಲಾರದು. ೧೯೪೯ರ ಹೊತ್ತಿಗೆ ಈ ಬಿಗಿ ಸಡಿಲವಾಯಿತು. ಪಂಡಿತನ ಭೀತಿ ಅಧಿಕಾರಿಯ ಕೈಗೆ ಸಿಕ್ಕರೆ ಆಜ್ಞೆಯಾಗುತ್ತದೆ; ಆಜ್ಞೆಯು ಮೊದಲು ಮುಚ್ಚುವುದು ಬಡವನ ಬಾಯನ್ನೇ ಎಂಬುದು ಇಲ್ಲಿಯ ಪಾಠ.

ಹಾಗೆಂದು ಲುನ್ಫಾರ್ದೊ ನಿರ್ದುಷ್ಟವೆಂದು ನಮ್ಮ ಅಭಿಪ್ರಾಯವಲ್ಲ. ಅದರ ಶಬ್ದಭಂಡಾರವು ಕೆಲವೇ ವಸ್ತುಗಳ ಸುತ್ತ ದಟ್ಟವಾಗಿ ಬೆಳೆದಿದೆ. ಹಣ, ಕುಡಿತ, ಜೂಜು, ಪೊಲೀಸು, ಮೋಸ ಇವಕ್ಕೆ ಹತ್ತಾರು ಹೆಸರುಗಳುಂಟು; ಮಳೆಗೆ, ಮರಕ್ಕೆ, ಭಕ್ತಿಗೆ ಅಷ್ಟಿಲ್ಲ. ಅಲ್ಲದೆ ಅದು ಬಹುಮಟ್ಟಿಗೆ ಗಂಡಸರ ನುಡಿ. ಹೆಂಗಸಿಗೆ ‘ಮೀನಾ’, ‘ಪೆರ್ಕಾಂತಾ’, ‘ಗ್ರೇಲಾ’, ‘ಪಾಪೂಸಾ’ ಎಂದು ಹೆಸರುಗಳ ಸಾಲೇ ಇದೆ. ಅವುಗಳಲ್ಲಿ ಹೆಚ್ಚಿನವು ಅವಳನ್ನು ಭೋಗವಸ್ತುವನ್ನಾಗಿ ನೋಡುತ್ತವೆ. ಹೆತ್ತ ತಾಯಿಗೆ ಮಾತ್ರ ‘ಮುದುಕಿ’ ಎಂಬರ್ಥದ ‘ವಿಯೇಹಾ’ ಎಂಬ ಅಕ್ಕರೆಯ ಹೆಸರು. ತಾಯಿಗೂ ಮೋಹಿನಿಗೂ ನಡುವೆ ದುಡಿಯುವ, ಯೋಚಿಸುವ ಹೆಣ್ಣೊಬ್ಬಳು ಇರಬಹುದೆಂಬುದು ಆ ಹಾಡುಗಳಿಗೆ ಬಹುಕಾಲ ಹೊಳೆಯಲಿಲ್ಲ. ಎಲಾದಿಯಾ ಬ್ಲಾಸ್ಕೆಸ್ (೧೯೩೧–೨೦೦೫) ಅವರಂಥ ಕವಯಿತ್ರಿಯರು ತಾವೇ ಮಾತನ್ನೂ ರಾಗವನ್ನೂ ಕಟ್ಟತೊಡಗಿದ ಮೇಲೆ ಈ ಕೊರತೆ ಸ್ವಲ್ಪ ನೀಗಿತು. ಶುದ್ಧಿವಾದಿಗಳು ನಿಜವಾಗಿ ಆಕ್ಷೇಪಿಸಬೇಕಾಗಿದ್ದುದು ಇದನ್ನು. ಅವರು ಉಚ್ಚಾರಣೆಯ ಕೊಳೆಯನ್ನು ಹುಡುಕುತ್ತ ದೃಷ್ಟಿಯ ಕೊಳೆಯನ್ನು ಕಾಣದೆ ಹೋದರು.

ಕಾಲವು ಈ ವಿವಾದದಲ್ಲಿ ತನ್ನ ತೀರ್ಪನ್ನು ಕೊಟ್ಟಿದೆ. ೧೯೫೩ರಲ್ಲಿ ಹೊಸೆ ಗೊಬೆಲೊ ಅವರು ‘ಲುನ್ಫಾರ್ದಿಯಾ’ ಎಂಬ ಗ್ರಂಥದಲ್ಲಿ ಈ ಮಾತು ಅಪರಾಧಿಗಳ ಗುಪ್ತಭಾಷೆಯಲ್ಲ, ವಲಸೆಯ ಜನರಿಂದ ನಗರವು ಪಡೆದ ಶಬ್ದಸಂಪತ್ತು ಎಂದು ಪ್ರತಿಪಾದಿಸಿದರು. ೧೯೬೨ರ ಡಿಸೆಂಬರಿನಲ್ಲಿ ಅದರ ಅಧ್ಯಯನಕ್ಕೆಂದೇ ಅಕಾಡೆಮಿಯೊಂದು ಸ್ಥಾಪಿತವಾಯಿತು. ೧೯೯೮ರಲ್ಲಿ ಒಸ್ಕಾರ್ ಕೊಂದೆ ಅವರ ವ್ಯುತ್ಪತ್ತಿಕೋಶವು ಬಂದಿತು. ವಠಾರದ ಅಂಗಳದಲ್ಲಿ ಹುಟ್ಟಿದ್ದು ಪೀಠವನ್ನೇರಿತು. ಅದೇ ನಗರದಲ್ಲಿ ಹುಟ್ಟಿ ೨೦೧೩ರಲ್ಲಿ ರೋಮಿನ ಧರ್ಮಪೀಠವನ್ನೇರಿದ ದಿವಂಗತ ಪೋಪ್ ಫ್ರಾನ್ಸಿಸ್ ಅವರು ಆ ವರ್ಷದ ತಮ್ಮ ಉಪದೇಶಪತ್ರದಲ್ಲಿ ‘ಪ್ರಿಮೆರೆಯಾರ್’ ಎಂಬ ತಮ್ಮೂರಿನ ಮಾತನ್ನು ಬಳಸಿ, ಹೊಸ ಶಬ್ದಕ್ಕಾಗಿ ಕ್ಷಮೆಯನ್ನೂ ಕೇಳಿದರು. ಇನ್ನೊಬ್ಬರಿಗಿಂತ ಮುಂಚೆ ತಾನೇ ಹೆಜ್ಜೆಯಿಡುವುದೆಂದು ಅದರ ಅರ್ಥ. ಬೀದಿಯಲ್ಲಿ ಪೈಪೋಟಿಯ ಮಾತಾಗಿದ್ದುದು ಅಲ್ಲಿ ಕರುಣೆಯ ಮಾತಾಯಿತು. ಕ್ಷಮೆ ಕೇಳಿದುದು ವಿನಯ, ಶಬ್ದವನ್ನು ಬಿಡದೆ ಇರಿಸಿಕೊಂಡುದು ವಿವೇಕ.

ಈಗ ಪ್ರಶಂಸೆಯ ಕಾಲ, ಪ್ರಶಂಸೆಯಲ್ಲಿಯೂ ಅಪಾಯವಿದೆ. ಪ್ರವಾಸಿಗಳಿಗೆ ತೋರಿಸಲೆಂದು ಗೋಡೆಯ ಮೇಲೆ ಬರೆದಿರಿಸಿದ ಬೀದಿಮಾತು, ಹಬ್ಬದ ದಿನ ಮಾತ್ರ ಉಟ್ಟು ಮಡಿಸಿಡುವ ಹಳೆಯ ಸೀರೆಯಂತೆ. ಬಾಯಲ್ಲಿ ಆಡುವಷ್ಟು ದಿನ ಮಾತಿಗೆ ಜೀವ.

ಹಾಗಾದರೆ ಗಡಿಕಲ್ಲನ್ನು ನೆಡುವುದು ಎಲ್ಲಿ? ಬೀದಿಯ ಶಬ್ದವೊಂದನ್ನು ತೂಗುವುದಕ್ಕೆ ಮೂರು ಪ್ರಶ್ನೆಗಳು ಸಾಕೆಂದು ನಮಗೆ ತೋರುತ್ತದೆ. ಶಿಷ್ಟ ಶಬ್ದವು ಹೇಳಲಾರದ ಏನನ್ನಾದರೂ ಅದು ಹೇಳುತ್ತದೆಯೆ? ಹುಟ್ಟಿದ ಸಂದರ್ಭವು ಕಳೆದ ಮೇಲೂ ಅದು ಉಳಿದಿದೆಯೆ? ಆಡುವವನಿಗೆ ಅದನ್ನು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂಬ ಔಚಿತ್ಯಜ್ಞಾನವಿದೆಯೆ? ‘ಫಿಯಾಕಾ’ ಮೊದಲನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ, ‘ಬೊಂದಿ’ ಎರಡನೆಯದರಲ್ಲಿ. ಮೂರನೆಯ ಪರೀಕ್ಷೆ ಶಬ್ದದ್ದಲ್ಲ, ಮನುಷ್ಯನದು. ‘ಯರ್ವಾಣ ತರ್ವಾಣ’ರೆಂಬ ಋಷಿಗಳ ಪ್ರಸಂಗವನ್ನು ಮಹಾಭಾಷ್ಯವು ಹೇಳುತ್ತದೆ. ಅವರು ಪರಾಪರಜ್ಞರು, ಆದರೂ ನಿತ್ಯದ ಮಾತಿನಲ್ಲಿ ತೊಡರು ಉಚ್ಚಾರಣೆಯನ್ನೇ ಮಾಡುತ್ತಿದ್ದುದರಿಂದ ಆ ತೊಡರೇ ಅವರಿಗೆ ಹೆಸರಾಯಿತು. ಯಜ್ಞಕರ್ಮದಲ್ಲಿ ಮಾತ್ರ ಅವರು ಅಪಶಬ್ದವನ್ನು ಆಡುತ್ತಿರಲಿಲ್ಲ. ಶಾಸ್ತ್ರವು ಅವರನ್ನು ನಿಂದಿಸಲಿಲ್ಲ, ಋಷಿಗಳೆಂದೇ ಕರೆಯಿತು.

ಬ್ಯೂನಸ್ ಐರಿಸ್ಸಿನ ಕೂಲಿಕಾರನ ಮಗನೂ ಅರ್ಜಿಯಲ್ಲಿ ‘ತ್ರಬಾಹೊ’ ಎಂದು ಬರೆದು, ಸಂಜೆ ಗೆಳೆಯನಿಗೆ ‘ಲಾಬುರೊ’ ಸಿಕ್ಕಿತೆಂದು ಹೇಳುತ್ತಾನೆ. ಎರಡೂ ಅವನದೇ ಮಾತು. ಅವನ ಒಂದು ಮಾತನ್ನು ಕಿತ್ತುಕೊಂಡು ಇನ್ನೊಂದನ್ನು ದಾನ ಕೊಟ್ಟೆವೆಂದು ಹೇಳಿಕೊಳ್ಳುವ ಹಕ್ಕು ಯಾವ ಪಂಡಿತನಿಗೂ ಇಲ್ಲ.